ಮುಳುಗಿದ ಗಾಡಿಯ ಲೆಕ್ಕ ಯಾರ ತಲೆಗೆ?



ಮೋಟಾರು ಗಾಡಿಯ ವಿಮೆ, ಬಾಡಿ ಕೆಲಸ, ರಿಪೇರಿ ಖರ್ಚು, ಇವೆಲ್ಲ ಕಾರು ಇಟ್ಟುಕೊಂಡ ಸಾಹುಕಾರರ ಮಾತು, ಲೈನ್ ಮನೆಯಲ್ಲಿರುವ ನಮಗೇಕೆ ಎಂದು ಕೆಲವರು ಕೇಳಬಹುದು. ಮೂರು ವರ್ಷದ ಹಿಂದಾಗಿದ್ದರೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಆದರೆ ಈಗ ಕೇಳುವಂತಿಲ್ಲ. ಸಾಂಗ್ಲಿಯಲ್ಲಿ ನೀರಿನಲ್ಲಿ ಮುಳುಗಿದ ಗಾಡಿಯೊಂದು ನಮ್ಮ ಘಾಟಿಯನ್ನು ಹತ್ತಿ ಬಂತು. ಅದರ ನಷ್ಟವನ್ನು ಕೊನೆಗೆ ತೆತ್ತವರು ಕಾಫಿ ಕುಯ್ಯುವ ಹನ್ನೆರಡು ಮನೆಯವರು. ಆದ್ದರಿಂದ ಈ ಮಾತು ನಮ್ಮದೇ ಮಾತು.

ಮೊದಲು ನಡೆದದ್ದನ್ನು ಹೇಳುತ್ತೇವೆ, ಆಮೇಲೆ ವಾದಕ್ಕೆ ಬರುತ್ತೇವೆ.

ನಮ್ಮ ಲೈನಿನ ಹನ್ನೆರಡು ಕುಟುಂಬಗಳು ಬೋನಸ್ಸಿನ ಹಣ ಕೂಡಿಸಿ, ಮನೆಗೆ ಹದಿನೈದು ಸಾವಿರದಂತೆ ಒಂದು ಲಕ್ಷ ಎಂಬತ್ತು ಸಾವಿರ ಒಟ್ಟು ಮಾಡಿ, ಉಳಿದ ಒಂದು ಲಕ್ಷವನ್ನು ಹೆಂಗಸರ ಸ್ವಸಹಾಯ ಸಂಘದಿಂದ ಸಾಲ ಪಡೆದು, ಒಂದು ಹಳೆಯ ಪಿಕಪ್ ಗಾಡಿ ಕೊಂಡೆವು. ಎಂ.ಎಚ್. 10 ಬೋರ್ಡು, ಅಂದರೆ ಸಾಂಗ್ಲಿ ಪಾಸಿಂಗು. ಬಣ್ಣ ಹೊಳೆಯುತ್ತಿತ್ತು. ಸೀಟಿಗೆ ಹೊಸ ಹೊದಿಕೆ. ಮಾರಿದ ದಲ್ಲಾಳಿ "ಒಬ್ಬನೇ ಓನರು, ದ್ರಾಕ್ಷಿ ಸಾಗಿಸಿದ ಗಾಡಿ, ಒಂದು ಗೀರೂ ಇಲ್ಲ" ಎಂದ. ಗೀರು ಇರಲಿಲ್ಲ, ನಿಜ. ಆರು ತಿಂಗಳಿಗೆ ದೀಪಗಳು ತಾವಾಗಿ ಆರತೊಡಗಿದವು. ಎಂಟನೆಯ ತಿಂಗಳಿಗೆ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದು ಉದುರಿತು, ಒಳಗೆ ತಗಡೇ ಇರಲಿಲ್ಲ, ಬರೀ ಪುಟ್ಟಿ. ಒಂದು ಸಂಜೆ ಕೆಲಸ ಬಿಟ್ಟು ಬರುವಾಗ ಇಳಿಜಾರಿನಲ್ಲಿ ವಯರಿಂಗ್ ಸುಟ್ಟು ಹೊಗೆ ತುಂಬಿ, ಓಡಿಸುತ್ತಿದ್ದ ಹುಡುಗ ಕಣಿವೆ ಕಡೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿ ಒರೆಸಿದ. ಹಿಂದೆ ಕುಳಿತ ಇಬ್ಬರು ತಾಯಂದಿರ ಕೈ ಮುರಿಯಿತು. ಒಂದು ಪಕ್ಕದ ಬಾಡಿ ಪೂರ್ತಿ ನಜ್ಜುಗುಜ್ಜಾಯಿತು.

ಮಿರಜಿನ ಗ್ಯಾರೇಜೊಂದರಲ್ಲಿ ಡೆಂಟಿಂಗ್ ಕೆಲಸ ಮಾಡುವ ನಮ್ಮವನೊಬ್ಬ ಹಬ್ಬಕ್ಕೆ ಊರಿಗೆ ಬಂದಿದ್ದ. ಗಾಡಿಯನ್ನು ನೋಡಲು ಕರೆದೆವು. ಅವನು ಬಾನೆಟ್ ಎತ್ತಲಿಲ್ಲ. ನೇರವಾಗಿ ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದ. ಕೊನೆಯ ಒಂದು ಮೊಳದಲ್ಲಿ ಒಣಗಿದ ಕೆಸರಿನ ಗೆರೆ. ಬಾಗಿಲಿನ ಒಳಹೊದಿಕೆ ಬಿಚ್ಚಿದ. ಒಳಗೆ ಒಂದು ಹಿಡಿ ಕಪ್ಪು ಹೂಳು. ನಮ್ಮ ತೋಟದ ಮಣ್ಣು ಕೆಂಪು ಬಾಂಧವರೇ, ಇದು ಕೃಷ್ಣೆಯ ದಡದ ಎರೆಮಣ್ಣು. ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಅಣ್ಣಾ, ಇದು 2019ರ ಮಹಾಪೂರದ ಗಾಡಿ. ಟೋಟಲ್ ಲಾಸ್ ಆಗಿ ಗುಜರಿಗೆ ಹೋದದ್ದು. ಇಂಥಾ ಗಾಡಿಗೆ ನಾನೇ ಪುಟ್ಟಿ ಹಾಕೀನಿ. ದಿನಗೂಲಿ ಕೊಡ್ತಿದ್ರು, ಹಾಕಿದೆ. ಇದು ಇಲ್ಲಿಗೇ ಬರ್ತದಂತ ನನಗೇನು ಗೊತ್ತು?"

ಆ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಪುಟ್ಟಿ ಹಾಕಿದ ಕೈಯೂ ನಮ್ಮದೇ, ಮುರಿದ ಕೈಯೂ ನಮ್ಮದೇ. ನಡುವೆ ಹಣ ಮಾಡಿಕೊಂಡವರು ಯಾರು? ಅದನ್ನೇ ಈ ಲೇಖನದಲ್ಲಿ ಕೇಳುತ್ತಿದ್ದೇವೆ.

ನೀರು ಬಂದ ಬಗೆ

ಸಾಂಗ್ಲಿ ಕೃಷ್ಣೆಯ ದಡದ ಪಟ್ಟಣ. ಅಲ್ಲಿ 1929ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆ ಇದೆ. ಊರಿನವರು ನದಿಯನ್ನು ಅಳೆಯುವುದು ಆ ಸೇತುವೆಯ ಅಡಿಗಳಿಂದ. 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. 2005ರಲ್ಲಿ ನೀರು 53 ಅಡಿ ದಾಟಿತು. ಅದೇ ಕೊನೆ, ಇನ್ನು ಇಂಥದ್ದು ಬಾರದು ಎಂದು ಜನ ನಂಬಿದರು. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತು. ಗಾವಭಾಗ, ಮಾರುತಿ ಚೌಕ, ಹರಭಟ ರೋಡು ಎಲ್ಲವೂ ನೀರಿನಡಿ. ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹೆಂಗಸರು ಮಕ್ಕಳು ಸತ್ತರು. 2021ರ ಜುಲೈಯಲ್ಲಿ ಮತ್ತೆ 54 ಅಡಿ ದಾಟಿತು. ಮೂರು ಸಲವೂ ಮನೆ, ಅಂಗಡಿ, ದನಕರುಗಳ ಜೊತೆಗೆ ಗಾಡಿಗಳೂ ಮುಳುಗಿದವು. ಕಾರು, ಆಟೋ, ಟೆಂಪೋ, ಬೈಕು, ನಿಲ್ಲಿಸಿದಲ್ಲೇ ದಿನಗಟ್ಟಲೆ ಕೆಸರಿನಲ್ಲಿ.

ಎತ್ತರದಲ್ಲಿರುವ ಮಿರಜಿನ ಗ್ಯಾರೇಜುಗಳಿಗೆ ಆಗ ಹಗಲು ರಾತ್ರಿ ಕೆಲಸ. ಆ ಊರಲ್ಲಿ ಮರಾಠಿಯಷ್ಟೇ ಸಲೀಸಾಗಿ ಕನ್ನಡ ಕೇಳಿಬರುತ್ತದೆ. ಕಾಗವಾಡ, ಅಥಣಿ, ಜತ್ತ ಕಡೆಯ ಹುಡುಗರು ಅಲ್ಲಿ ಸ್ಪ್ಯಾನರ್ ಹಿಡಿದಿದ್ದಾರೆ. ಆ ದಿನಗಳಲ್ಲಿ ಅವರು ಕೆಸರು ತೊಳೆದರು, ಸೀಟು ಬಿಚ್ಚಿ ಬಿಸಿಲಿಗೆ ಒಣಗಿಸಿದರು, ಎಂಜಿನ್ ಇಳಿಸಿದರು. ದುಡಿಮೆಯಲ್ಲಿ ತಪ್ಪಿಲ್ಲ. ತಪ್ಪು ಇರುವುದು ದುಡಿಮೆಯ ಮೇಲೆ ನಡೆದ ಲೆಕ್ಕದಲ್ಲಿ.

ಟೋಟಲ್ ಲಾಸ್ ಎಂದರೇನು?

ಈ ಲೆಕ್ಕ ಗೊತ್ತಿಲ್ಲದ್ದರಿಂದಲೇ ನಾವು ಕೆಟ್ಟೆವು. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಪ್ರತಿ ಪೂರ್ಣ ವಿಮಾ ಪಾಲಿಸಿಯಲ್ಲಿ ಗಾಡಿಗೆ ಒಂದು ಬೆಲೆ ಬರೆದಿರುತ್ತದೆ, ಅದಕ್ಕೆ ಐ.ಡಿ.ವಿ. ಎನ್ನುತ್ತಾರೆ. ಹೊಸ ಗಾಡಿಯ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ಕಟ್ಟುತ್ತಾರೆ: ಒಂದು ವರ್ಷದಿಂದ ಎರಡರವರೆಗೆ ನೂರಕ್ಕೆ 20, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಐದು ದಾಟಿದರೆ ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿದ್ದು. ಗಾಡಿ ಕೆಟ್ಟಾಗ ಎತ್ತಿ ತರುವ ಖರ್ಚು ಮತ್ತು ರಿಪೇರಿ ಖರ್ಚು ಸೇರಿ ಐ.ಡಿ.ವಿ.ಯ ನೂರಕ್ಕೆ 75 ದಾಟಿದರೆ ಅದನ್ನು ಟೋಟಲ್ ಲಾಸ್ ಎಂದು ಎಣಿಸುತ್ತಾರೆ. 2002ರ ಅಖಿಲ ಭಾರತ ಮೋಟಾರ್ ಟ್ಯಾರಿಫ್‌ನಿಂದ ಬಂದ ಕಟ್ಟಲೆ ಇದು.

ಒಂದು ಲೆಕ್ಕ ಹಾಕೋಣ. ಆರು ಲಕ್ಷದ ಪಿಕಪ್, ಮೂರನೆಯ ವರ್ಷದಲ್ಲಿದೆ. ನೂರಕ್ಕೆ 30 ಕಳೆದರೆ ಐ.ಡಿ.ವಿ. 4,20,000. ಅದರ ನೂರಕ್ಕೆ 75 ಎಂದರೆ 3,15,000. ಕಂಪನಿ ಷೋರೂಮಿನ ವರ್ಕ್‌ಷಾಪಿನವರು 3,20,000 ಎಸ್ಟಿಮೇಟ್ ಬರೆದರೆ ಗಾಡಿ ಸತ್ತಿತು. 3,10,000 ಬರೆದರೆ ಗಾಡಿ ಬದುಕಿತು. ಬದುಕಿದರೆ ಏನಾಗುತ್ತದೆ? ರಿಪೇರಿಯ ಪೂರ್ತಿ ಹಣ ಕಂಪನಿ ಕೊಡುವುದಿಲ್ಲ. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಯಲ್ಲಿ ಅರ್ಧ ಕಡಿತ. ಕಬ್ಬಿಣದ ಭಾಗದಲ್ಲಿ ವಯಸ್ಸಿನ ಪ್ರಕಾರ ಕಡಿತ, ಈ ವಯಸ್ಸಿಗೆ ನೂರಕ್ಕೆ 15. ಬಣ್ಣದ ಸಾಮಾನಿನಲ್ಲಿ ಅರ್ಧ ಕಡಿತ. ಕಳೆಯುತ್ತಾ ಹೋದರೆ ಮಾಲೀಕ ಎಂಬತ್ತು ತೊಂಬತ್ತು ಸಾವಿರ ಕೈಯಿಂದ ಹಾಕಬೇಕಾದೀತು. ಗಾಡಿ ಓಡಿಸಿ ಹೊಟ್ಟೆ ಹೊರೆಯುವವನು, ತಿಂಗಳುಗಟ್ಟಲೆ ಗಾಡಿ ನಿಂತಾಗ, ಎಲ್ಲಿಂದ ತರಬೇಕು?

ಇಲ್ಲಿ ನೋಡಿ ಬಾಂಧವರೇ. ಹತ್ತು ಸಾವಿರದ ಅಂತರದಲ್ಲಿ ಒಂದು ಕುಟುಂಬದ ಗತಿ ತಿರುಗುತ್ತದೆ. ಆ ಅಂಕಿಯನ್ನು ಬರೆಯುವವರು ವರ್ಕ್‌ಷಾಪಿನವರು. ಅದನ್ನು ಒಪ್ಪುವವರೋ ಕತ್ತರಿಸುವವರೋ ಸರ್ವೆಯರು. ಸರ್ವೆಯರನ್ನು ನೇಮಿಸುವವರು, ಫೀಸು ಕೊಡುವವರು ಕಂಪನಿಯವರು. ಗಾಡಿಯ ಮಾಲೀಕನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಆ ಮೇಜಿನ ಸುತ್ತ ಕುಳಿತಿರುತ್ತಾರೆ.

ಸತ್ತಿತು ಎಂದು ಬರೆದರೆ ಒಳ್ಳೆಯದೇ ಆಯಿತಲ್ಲ, 4,20,000 ಬಂತಲ್ಲ ಎನ್ನುತ್ತೀರಾ? ಸಾಲದ ಗಾಡಿಯಾದರೆ ಆ ಹಣ ಮೊದಲು ಹೋಗುವುದು ಸಾಲ ಕೊಟ್ಟ ಬ್ಯಾಂಕಿಗೆ ಅಥವಾ ಫೈನಾನ್ಸಿಗೆ. 3,60,000 ಸಾಲ ಬಾಕಿ ಇದ್ದರೆ ಮಾಲೀಕನ ಕೈಗೆ ಅರವತ್ತು ಸಾವಿರವೂ ಪೂರ್ತಿ ಬರುವುದಿಲ್ಲ. ಗಾಡಿ ಇಲ್ಲ, ದುಡಿಮೆ ಇಲ್ಲ, ಮೊದಲು ಕಟ್ಟಿದ ಮುಂಗಡ ಹಣ ನೀರಿನಲ್ಲಿ. ಇನ್ನು ಕೆಲವು ಕಡೆ "ಗುಜರಿಯನ್ನು ನೀವೇ ಇಟ್ಟುಕೊಳ್ಳಿ, ಅದರ ಬೆಲೆ ಕಳೆದು ಉಳಿದದ್ದು ಕೊಡುತ್ತೇವೆ" ಎನ್ನುತ್ತಾರೆ. ಹಣದ ಅವಸರದಲ್ಲಿರುವವನು ಹೂಂ ಎನ್ನುತ್ತಾನೆ, ಮಾರನೆಯ ದಿನ ದಲ್ಲಾಳಿಗೆ ಮಾರುತ್ತಾನೆ. ಇಲ್ಲವೇ ಕಂಪನಿಯೇ ಹರಾಜು ಹಾಕಿ ಹೆಚ್ಚು ಬೆಲೆ ಕೂಗಿದವನಿಗೆ ಕೊಡುತ್ತದೆ. ಎರಡು ದಾರಿಯೂ ಒಂದೇ ಅಂಗಳಕ್ಕೆ ಹೋಗಿ ಸೇರುತ್ತವೆ.

ಸತ್ತ ಗಾಡಿ ಏಳುವ ಬಗೆ

ಷೋರೂಮಿನಲ್ಲಿ ಹೊಸ ಸಾಮಾನು ಹಾಕಿ ಮೂರು ಲಕ್ಷ ಆಗುವ ಕೆಲಸವನ್ನು ಹಳೆಯ ಸಾಮಾನು ಹಾಕಿ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಮಾಡಬಹುದು. ಇದು ಗ್ಯಾರೇಜಿನ ಯಾವ ಹುಡುಗನನ್ನು ಕೇಳಿದರೂ ಗೊತ್ತು. ತೊಳೆದು, ಒಣಗಿಸಿ, ಸುಟ್ಟ ವಯರಿಗೆ ಟೇಪು ಸುತ್ತಿ, ತುಕ್ಕು ಹಿಡಿದ ತಗಡಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದು ನಿಲ್ಲಿಸಿದರೆ ಸಾಂಗ್ಲಿಯಲ್ಲಿ ಸತ್ತ ಗಾಡಿ ಮಲೆನಾಡಿನಲ್ಲಿ ಎದ್ದು ನಿಲ್ಲುತ್ತದೆ. ನೀರಿನ ಕೆಡುಕು ಒಂದೇ ದಿನ ಕಾಣುವುದಿಲ್ಲ. ತಂತಿಯ ಜೋಡಣೆಗಳಲ್ಲಿ ಹಸಿರು ಕಿಲುಬು ಮೆಲ್ಲಗೆ ಬೆಳೆಯುತ್ತದೆ. ಬೇರಿಂಗಿನ ಗ್ರೀಸಿನಲ್ಲಿ ಹೂಳು ಸೇರಿರುತ್ತದೆ. ಮುಚ್ಚಿದ ತಗಡಿನ ಪೆಟ್ಟಿಗೆಯೊಳಗಿನ ತೇವ ಒಳಗಿನಿಂದ ತಿನ್ನುತ್ತದೆ. ಮಾರುವವನಿಗೆ ಬೇಕಾದ್ದು ಆರು ತಿಂಗಳು ಮಾತ್ರ.

ಕಾನೂನು ಏನು ಮಾಡುತ್ತಿದೆ ಎಂದು ಕೇಳುತ್ತೀರಿ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನ ಪ್ರಕಾರ ಗಾಡಿ ನಾಶವಾದರೆ ಅಥವಾ ಇನ್ನೆಂದೂ ಉಪಯೋಗಕ್ಕೆ ಬಾರದಂತಾದರೆ ಮಾಲೀಕ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕು, ನೋಂದಣಿ ರದ್ದಾಗಬೇಕು. ಒಳ್ಳೆಯ ಕಟ್ಟಲೆ. ಆದರೆ ಕಂಪನಿಯ ಟೋಟಲ್ ಲಾಸ್ ಕಬ್ಬಿಣದ ಮಾತಲ್ಲ, ಕಾಸಿನ ಮಾತು. ರಿಪೇರಿ ಮಾಡಿದರೆ ಓಡೀತು, ಆದರೆ ರಿಪೇರಿ ದುಬಾರಿ ಎಂಬುದಷ್ಟೇ ಅದರ ಅರ್ಥ. ಆದ್ದರಿಂದ "ನಾಶವಾಗಿಲ್ಲ" ಎಂದು ಆರ್.ಸಿ. ಉಳಿಸಿಕೊಳ್ಳಲು ದಾರಿ ಸಿಗುತ್ತದೆ. ಪರಿಹಾರ ಕೊಡುವಾಗ ಗಾಡಿ ಸತ್ತಿದೆ, ಗುಜರಿ ಮಾರುವಾಗ ಗಾಡಿ ಬದುಕಿದೆ. ಒಂದೇ ಬಾಯಲ್ಲಿ ಎರಡು ಮಾತು. ಕೊನೆಗೆ ಕೊಳ್ಳುವವನಿಗೆ ಇವೆರಡರಲ್ಲಿ ಒಂದನ್ನೂ ಹೇಳುವುದಿಲ್ಲ.

ಇದರಿಂದ ಕಳ್ಳರಿಗೂ ಅನುಕೂಲ. ಟೋಟಲ್ ಲಾಸ್ ಆದ ಕಾರುಗಳ ಕಾಗದ ಕೊಂಡು, ಅವುಗಳ ಚಾಸಿ ನಂಬರನ್ನು ಕದ್ದ ಕಾರುಗಳಿಗೆ ಹಾಕಿ ಮಾರುತ್ತಿದ್ದ ಜಾಲವೊಂದನ್ನು 2020ರಲ್ಲಿ ಲಖನೌ ಪೊಲೀಸರು ಹಿಡಿದರು. ಗುಜರಿಗಿಂತ ಗುಜರಿಯ ಕಾಗದಕ್ಕೆ ಬೆಲೆ ಹೆಚ್ಚು ಎಂಬ ಸ್ಥಿತಿ ಬಂದಿರುವಾಗ ಕಾಗದವನ್ನು ಸುಮ್ಮನೆ ಕೈಬಿಡುವುದು ಅಜಾಗರೂಕತೆ ಮಾತ್ರವಲ್ಲ, ಅನ್ಯಾಯಕ್ಕೆ ಬಾಗಿಲು ತೆರೆದಂತೆ.

ಬೇರೆ ದೇಶದಲ್ಲಿ ಹೀಗಿಲ್ಲವೆ? ಬ್ರಿಟನ್ನಿನಲ್ಲಿ ವಿಮಾ ಕಂಪನಿ ಕೈಬಿಟ್ಟ ಗಾಡಿಗೆ ದರ್ಜೆ ಹಚ್ಚುತ್ತಾರೆ. 2017ರ ಅಕ್ಟೋಬರಿನಿಂದ ಎ, ಬಿ, ಎಸ್, ಎನ್ ಎಂಬ ನಾಲ್ಕು ದರ್ಜೆ. ಎ ಮತ್ತು ಬಿ ದರ್ಜೆಯ ಗಾಡಿ ಮತ್ತೆ ರಸ್ತೆಗೆ ಬರುವಂತಿಲ್ಲ, ಪುಡಿ ಮಾಡಲೇಬೇಕು. ಎಸ್ ಎಂದರೆ ಚಾಸಿ ಚೌಕಟ್ಟಿಗೆ ಪೆಟ್ಟು, ಎನ್ ಎಂದರೆ ಚೌಕಟ್ಟು ಉಳಿದು ಬೇರೆ ಕಡೆ ಪೆಟ್ಟು. ಇವೆರಡನ್ನು ಸರಿಪಡಿಸಿ ಓಡಿಸಬಹುದು, ಆದರೆ ಆ ಗುರುತು ಗಾಡಿಯ ದಾಖಲೆಯಲ್ಲಿ ಉಳಿಯುತ್ತದೆ. ಅಮೆರಿಕದ ರಾಜ್ಯಗಳಲ್ಲಿಯೂ ಇಂಥ ಗಾಡಿಯ ಹಕ್ಕುಪತ್ರದ ಮೇಲೆ ಗುರುತು ಹಾಕುವ ಪದ್ಧತಿ ಇದೆ. ನಮ್ಮಲ್ಲಿಯೂ ಗಾಡಿಗಳ ದಾಖಲೆಯೆಲ್ಲ ಈಗ ಸರ್ಕಾರದ ವಾಹನ್ ಕಂಪ್ಯೂಟರಿನಲ್ಲಿ ಇದೆ. ಸಾಲದ ಗುರುತು ಅದರಲ್ಲಿ ಕಾಣುತ್ತದೆ, ವಿಮೆಯ ಅವಧಿ ಕಾಣುತ್ತದೆ. ಬ್ಯಾಂಕಿನ ಹಣ ಮುಳುಗಬಾರದೆಂದು ಒಂದು ಗುರುತು ಹಾಕಲು ಸಾಧ್ಯವಾದರೆ ಬಡವನ ಕೈ ಮುರಿಯಬಾರದೆಂದು ಇನ್ನೊಂದು ಗುರುತು ಹಾಕಲು ಏಕೆ ಸಾಧ್ಯವಿಲ್ಲ?

ನಮಗೆ ಎದುರು ಹೇಳುವವರಿಗೆ

"ಈ ಗಾಡಿಗಳನ್ನೆಲ್ಲ ಪುಡಿ ಮಾಡಿದರೆ ಬಡವರಿಗೆ ಅಗ್ಗದ ಗಾಡಿ ಎಲ್ಲಿ ಸಿಗುತ್ತದೆ?" ಎಂದು ಮಿರಜಿನ ಒಬ್ಬ ಗ್ಯಾರೇಜು ಮಾಲೀಕರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ನಾವು ರಿಪೇರಿಯ ವಿರೋಧಿಗಳಲ್ಲ. ಹರಿದ ಬಟ್ಟೆಗೆ ತೇಪೆ ಹಾಕಿ ಬದುಕುವವರು ನಾವು. ಬಾಗಿದ ಮಡ್‌ಗಾರ್ಡನ್ನು ಬಡಿದು ನೇರ ಮಾಡುವ ಕಸುಬು ಉಳಿಯಬೇಕು. ಅದರಿಂದಲೇ ನಮ್ಮ ಹುಡುಗರ ಅನ್ನ. ಆದರೆ ತೇಪೆ ಹಾಕಿದ ಬಟ್ಟೆಯನ್ನು ಹೊಸದೆಂದು ಮಾರುವುದು ಬೇರೆ. ಮುಳುಗಿದ ಗಾಡಿ ಎಂದು ಹೇಳಿ ಮಾರಿದ್ದರೆ ನಾವು ಅರ್ಧ ಬೆಲೆ ಕೊಡುತ್ತಿದ್ದೆವು, ಉಳಿದ ಹಣದಲ್ಲಿ ವಯರಿಂಗು ಬದಲಿಸುತ್ತಿದ್ದೆವು. ಆ ತಾಯಂದಿರು ಇಂದು ಕೆಲಸಕ್ಕೆ ಹೋಗುತ್ತಿದ್ದರು. ಕಡಿಮೆ ಬೆಲೆ ಬಡವನಿಗೆ ಉಪಕಾರವಾಗುವುದು ಸತ್ಯ ಹೇಳಿದಾಗ ಮಾತ್ರ.

"ಕಂಪನಿ ಹೆಚ್ಚು ಕೊಟ್ಟರೆ ಎಲ್ಲರ ಪ್ರೀಮಿಯಂ ಏರುತ್ತದೆ" ಎನ್ನುವವರೂ ಇದ್ದಾರೆ. ನಾವು ಹೆಚ್ಚು ಕೇಳಲಿಲ್ಲ, ಒಪ್ಪಿದ್ದನ್ನು ಕೇಳಿದ್ದೇವೆ. ಒಂದು ಬೆಲೆಯನ್ನು ಒಪ್ಪಿ, ಆ ಬೆಲೆಯ ಮೇಲೆ ಪ್ರೀಮಿಯಂ ತೆಗೆದುಕೊಂಡ ಕಂಪನಿ, ನಷ್ಟವಾದ ಮೇಲೆ ಆ ಬೆಲೆಯೇ ಸರಿಯಲ್ಲ ಎನ್ನಬಾರದೆಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದೆ. ಲಾರಿಯೊಂದರ ರಿಪೇರಿ ಖರ್ಚಿನ ಮೊಕದ್ದಮೆಯಲ್ಲಿ 2009ರಲ್ಲಿ ಅದೇ ಕೋರ್ಟು, ಸರ್ವೆಯರನ ವರದಿ ಮುಖ್ಯವಾದರೂ ಅದೇ ಕೊನೆಯ ಮಾತಲ್ಲ ಎಂದಿತು. ಸರ್ವೆಯರು ಬರೆದದ್ದನ್ನು ಬ್ರಹ್ಮಲಿಪಿ ಎಂದು ತಲೆಬಾಗುವ ನಮ್ಮವರು ಇದನ್ನು ತಿಳಿಯಬೇಕು.

ನಮ್ಮ ತಪ್ಪನ್ನೂ ಬರೆಯುತ್ತೇವೆ

ಕೈಬೆರಳನ್ನು ಊರ ಕಡೆ ತೋರಿಸಿ ನಾವು ಶುದ್ಧರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಗಾಡಿ ಕೊಂಡ ದಿನ ನಾವು ಮಾಡಿಸಿದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅಗ್ಗವೆಂದು. ಕಾನೂನು ಕಡ್ಡಾಯ ಮಾಡಿರುವುದು ಅಷ್ಟನ್ನೇ. ಆದರೆ ಅದು ನಮ್ಮ ಗಾಡಿಯಿಂದ ಇನ್ನೊಬ್ಬನಿಗೆ ಆದ ನಷ್ಟಕ್ಕೆ. ನಮ್ಮ ಗಾಡಿ ಮುಳುಗಲಿ, ಸುಡಲಿ, ಗುಡ್ಡ ಕುಸಿದು ಮಣ್ಣಿನಡಿ ಹೋಗಲಿ, ಒಂದು ಪೈಸೆಯೂ ಬಾರದು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ಇದನ್ನು ಮರೆಯಬಾರದು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬಿಕೊಂಡು ಬಂದೆವು. ಎಲ್ಲ ತೋಟಗಳಲ್ಲಿ ಹೀಗೇ ನಡೆಯುತ್ತದೆ ಎಂಬುದು ಉತ್ತರವಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2003ರಲ್ಲಿಯೇ ತೀರ್ಮಾನಿಸಿದೆ. ಸರಕಿನ ಜೊತೆ ಬರುವ ಸರಕಿನ ಮಾಲೀಕನಿಗೋ ಅವನ ಪ್ರತಿನಿಧಿಗೋ ಮಾತ್ರ ರಕ್ಷಣೆ. ಕೈ ಮುರಿದ ಆ ಇಬ್ಬರಿಗೆ ವಿಮೆಯಿಂದ ಏನೂ ಸಿಗಲಿಲ್ಲ. ಲೈನಿನವರೇ ಕೂಡಿಸಿ ಕೊಟ್ಟೆವು, ಸಾಲಲಿಲ್ಲ. ತೋಟಕ್ಕೆ ಜನರನ್ನು ಕರೆದೊಯ್ಯಲು ಜನ ಕೂರುವ ಗಾಡಿಯನ್ನೇ ಕೊಡಿ ಎಂದು ಆಡಳಿತದವರನ್ನು ಕೇಳುವ ಧೈರ್ಯ ನಮಗೆ ಮೊದಲೇ ಇರಬೇಕಿತ್ತು.

ಪೂರ್ಣ ವಿಮೆ ಮಾಡಿಸಿದವರಿಗೂ ಒಂದು ಬಲೆ ಇದೆ. ಬಾಡಿಗೆ ಓಡುವ ಸರಕು ಗಾಡಿಯ ಪಾಲಿಸಿಯಲ್ಲಿ ದೀಪ, ಟೈರು, ಮಡ್‌ಗಾರ್ಡ್, ಬಾನೆಟ್, ಪಕ್ಕದ ಭಾಗ, ಬಂಪರ್, ಬಣ್ಣ ಇವುಗಳ ಪೆಟ್ಟಿಗೆ, ಟೋಟಲ್ ಲಾಸ್ ಆದರೆ ಹೊರತು, ಹಣ ಕೊಡುವುದಿಲ್ಲವೆಂಬ ಷರತ್ತು ಇರುತ್ತದೆ. ಅಂದರೆ ಗಾಡಿ ಒರೆಸಿಕೊಂಡಾಗ ಯಾವುದಕ್ಕೆ ಪೆಟ್ಟು ಬೀಳುತ್ತದೋ ಅದೇ ಹೊರಗೆ! ಹೆಚ್ಚಿನ ಪ್ರೀಮಿಯಂ ಕಟ್ಟಿ ಐ.ಎಂ.ಟಿ. 23 ಎಂಬ ಕಲಮನ್ನು ಸೇರಿಸಿಕೊಂಡರೆ ಮಾತ್ರ ಇವು ಒಳಗೆ ಬರುತ್ತವೆ. ಏಜೆಂಟು ಇದನ್ನು ಹೇಳದಿದ್ದರೆ ನಾವು ಕೇಳಬೇಕು.

ಇನ್ನು ಮಾಡಬೇಕಾದದ್ದು

ಹಳೆಯ ಗಾಡಿ ಕೊಳ್ಳುವ ಯಾರೇ ಆಗಲಿ, ಬಣ್ಣ ನೋಡಿ ಮರುಳಾಗಬೇಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕಾಲಡಿಯ ಮ್ಯಾಟು ಎತ್ತಿ ಕೆಳಗೆ ಕೈಯಾಡಿಸಿ. ಸೀಟಿನ ಹಳಿಯ ಬೋಲ್ಟುಗಳಿಗೆ ತುಕ್ಕು ಇದೆಯೇ, ಹೆಡ್‌ಲೈಟಿನೊಳಗೆ ತೇವ ಇದೆಯೇ, ಕಿಟಕಿ ಮುಚ್ಚಿ ಕುಳಿತರೆ ಮುಗ್ಗುಲು ವಾಸನೆ ಇದೆಯೇ ನೋಡಿ. ಬಾಗಿಲಿನ ಕೆಳ ಅಂಚಿಗೆ ಸಣ್ಣ ಅಯಸ್ಕಾಂತ ಹಿಡಿಯಿರಿ, ಪುಟ್ಟಿಗೆ ಅದು ಅಂಟುವುದಿಲ್ಲ. ಆರ್.ಸಿ. ನಂಬರನ್ನು ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಂದಣಿ, ಸಾಲ, ವಿಮೆಯ ಸ್ಥಿತಿ ನೋಡಿಸಿ. ಹಳೆಯ ವಿಮಾ ಪಾಲಿಸಿ ಕೇಳಿ. ಕೊಡಲು ಹಿಂಜರಿದರೆ ಎದ್ದು ಬನ್ನಿ. ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಅಗ್ಗದ ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಗಾಡಿ ನೀರಿನಲ್ಲಿ ಮುಳುಗಿದರೆ ಕೀಲಿ ತಿರುಗಿಸಬೇಡಿ. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕೆಡಿಸಿದರೆ, ಅದು ನೆರೆಯಿಂದ ಆದದ್ದಲ್ಲ, ನಿಮ್ಮಿಂದ ಆದದ್ದು ಎಂದು ಕಂಪನಿಗಳು ತಳ್ಳಿಹಾಕುತ್ತವೆ. ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗಿ. ಸರ್ವೆ ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಖಾಲಿ ಕಾಗದಕ್ಕೆ, "ಪೂರ್ಣ ತೃಪ್ತಿ" ಎಂದು ಬರೆದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಟೋಟಲ್ ಲಾಸ್ ಎಂದರೆ ಆರ್.ಸಿ. ರದ್ದು ಮಾಡಿಸಿ, ರದ್ದಾದ ಕಾಗದ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಾಳೆ ಆ ಗಾಡಿ ಯಾರನ್ನಾದರೂ ಗುದ್ದಿದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ಕಂಪನಿ ಕೇಳದಿದ್ದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿಯಾಗಿ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಕರ್ನಾಟಕದವರಿಗೆ ಬೆಂಗಳೂರು, ಸಾಂಗ್ಲಿ ಮಿರಜಿನವರಿಗೆ ಪುಣೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಜಿಲ್ಲಾ ಗ್ರಾಹಕ ಆಯೋಗವೂ ಇದೆ. 2019ರ ಕಾಯಿದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಇಟ್ಟವನು ವ್ಯಾಪಾರಿಯಲ್ಲ, ಗ್ರಾಹಕನೇ ಎಂದು ಆ ಕಾಯಿದೆಯೇ ಹೇಳುತ್ತದೆ.

ನಮ್ಮ ಬೇಡಿಕೆಗಳು ಮೂರು. ಒಂದು: ವಿಮಾ ಕಂಪನಿ ಟೋಟಲ್ ಲಾಸ್ ಎಂದು ಹಣ ಕೊಟ್ಟ ಪ್ರತಿ ಗಾಡಿಯ ಗುರುತು ವಾಹನ್ ದಾಖಲೆಯಲ್ಲಿ ಎಲ್ಲರಿಗೂ ಕಾಣುವಂತೆ ಬೀಳಬೇಕು. ಮುಳುಗಿದ್ದೋ, ಗುದ್ದಿದ್ದೋ, ಸುಟ್ಟದ್ದೋ ಎಂಬುದೂ ಇರಬೇಕು. ಎರಡು: ಮತ್ತೆ ಓಡಿಸಲಾಗದ ಗಾಡಿ ಹರಾಜಿನ ಅಂಗಳಕ್ಕೆ ಹೋಗದೆ ನೇರವಾಗಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ಪ್ರಕೃತಿ ವಿಕೋಪದಲ್ಲಿ ಕೆಟ್ಟ ಗಾಡಿಯನ್ನು ಅಲ್ಲಿಗೆ ಒಪ್ಪಿಸಲು 2021ರ ನಿಯಮಗಳಲ್ಲಿ ಅವಕಾಶವಿದೆ, ಅದನ್ನು ಕಡ್ಡಾಯ ಮಾಡಲಿ. ಮೂರು: ಸರ್ವೆಯ ದಿನ ಮಾಲೀಕನೂ ಹಾಜರಿದ್ದು, ತನ್ನ ಭಾಷೆಯಲ್ಲಿ ಲೆಕ್ಕವನ್ನು ಕೇಳಿ ತಿಳಿದು, ಒಪ್ಪದಿದ್ದರೆ ಆ ಕಾಗದದಲ್ಲೇ ಹಾಗೆಂದು ಬರೆಯುವ ಜಾಗ ಇರಬೇಕು. ಮಿರಜಿನಲ್ಲಿ ಕನ್ನಡ ಮಾತಾಡುವವನಿಗೆ ಇಂಗ್ಲಿಷಿನ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾಗದು.

ನಮ್ಮ ಪಿಕಪ್ ಈಗ ಲೈನಿನ ಹಿಂದೆ, ಹಲಸಿನ ಮರದ ಕೆಳಗೆ ನಿಂತಿದೆ. ಕೊಳ್ಳಲು ಇಬ್ಬರು ಬಂದಿದ್ದರು. ಒಬ್ಬ ತೊಂಬತ್ತು ಸಾವಿರ ಕೊಡುತ್ತೇನೆ, ಬಣ್ಣ ಹೊಡೆಸಿ ಬಯಲುಸೀಮೆಗೆ ಸಾಗಿಸುತ್ತೇನೆ ಎಂದ. ಸ್ವಸಹಾಯ ಸಂಘದ ಸಾಲ ಇನ್ನೂ ತೀರಿಲ್ಲ, ತೊಂಬತ್ತು ಸಾವಿರ ನಮಗೆ ಸಣ್ಣ ಹಣವಲ್ಲ. ಹನ್ನೆರಡು ಮನೆಯವರು ಒಂದು ರಾತ್ರಿ ಕುಳಿತು ಮಾತಾಡಿದೆವು. ಜಗಳವೂ ಆಯಿತು. ಕೊನೆಗೆ ಕೈ ಮುರಿದ ತಾಯಿಯೊಬ್ಬರು, "ನಮ್ಮ ಹಾಗೆ ಇನ್ನೊಬ್ಬರು ಅದರ ಮೇಲೆ ಹತ್ತುವುದು ಬೇಡ" ಎಂದರು. ಗುಜರಿ ತೂಕಕ್ಕೆ ಕೊಟ್ಟು ಆರ್.ಸಿ. ರದ್ದು ಮಾಡಿಸುವುದೆಂದು ತೀರ್ಮಾನಿಸಿದೆವು. ಬರುವುದು ಮೂವತ್ತು ಸಾವಿರವೂ ಆಗಲಿಕ್ಕಿಲ್ಲ.

ಅರವತ್ತು ಸಾವಿರ ನಷ್ಟ ಮಾಡಿಕೊಂಡು ಹನ್ನೆರಡು ಕೂಲಿ ಕುಟುಂಬಗಳು ಮಾಡಬಲ್ಲ ಕೆಲಸವನ್ನು ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳು ಏಕೆ ಮಾಡಬಾರದು? ಇದಕ್ಕೆ ಉತ್ತರ ಕೊಡಬೇಕಾದವರು ಕೊಡುವವರೆಗೂ ನಾವು ಕೇಳುತ್ತಿರುತ್ತೇವೆ. ನೀವೂ ನಿಮ್ಮ ನಿಮ್ಮ ಲೈನುಗಳಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಓದು ಬಾರದ ಹಿರಿಯರಿಗೂ, ಮೊದಲ ಬಾರಿಗೆ ಗಾಡಿ ಕೊಳ್ಳಲು ಹೊರಟ ಹುಡುಗರಿಗೂ ತಿಳಿಸಿ. ಮುಂದಿನ ಮಳೆಗಾಲ ದೂರವಿಲ್ಲ.